ತಡೆಯುವ ಸೂಜಿಯ ಹತ್ತು ದಿನಗಳು

ಮಾರ್ಚ್ ೧೨, ಬುಧವಾರ
ಅಕ್ಕನ ಮನೆ

ನನ್ನ ಸೊಸೆಗೆ, ನನ್ನ ಭೂತಗನ್ನಡಿಗೆ, ದೂರದಲ್ಲಿ ಕೂತ ನಿನ್ನ ಅತ್ತೆಯ ಆಶೀರ್ವಾದಗಳು.

ಚೆನ್ನಾಗಿದ್ದೀಯಾ ಎಂದು ಕೇಳಲು ನಾಚಿಕೆಯಾಗುತ್ತಿದೆ. ಬಂದ ವಾರದಲ್ಲೇ ಕಾಗದ ಹಾಕುತ್ತೇನೆ ಎಂದು ನಿನಗೆ ಮಾತು ಕೊಟ್ಟು ಹೊರಟವಳು ನಾನು. ನಾಲ್ಕು ತಿಂಗಳಾಯಿತು. ನಡುವೆ ಮೂರು ಸಲ ಫೋನು ಮಾಡಿದೆ, ಮೂರು ಸಲವೂ ಹೇಳಬೇಕಾದ ಮಾತು ಗಂಟಲಿನವರೆಗೆ ಬಂತು, ಬಾಯಿ ಮಾತ್ರ "ಊಟ ಆಯ್ತಾ?" ಎಂದು ಕೇಳಿ ಮುಗಿಸಿತು. ಎದುರಿನವರ ದನಿ ಕೇಳಿದರೆ ನನ್ನ ಧೈರ್ಯ ಕರಗುತ್ತದೆ. ಹಾಳೆಗೆ ದನಿಯಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ. ತಡಮಾಡಿದ್ದಕ್ಕೆ ಕ್ಷಮಿಸು ಎಂದು ಇಲ್ಲಿ ಬರೆಯಬೇಕು. ಆದರೆ ಕ್ಷಮೆ ಕೇಳಬೇಕಾದದ್ದು ಇನ್ನೂ ದೊಡ್ಡದಿದೆ, ಇದಕ್ಕೇ ಅದನ್ನು ಖರ್ಚು ಮಾಡಿಬಿಡಲು ಮನಸ್ಸಿಲ್ಲ.

ಸುತ್ತಿ ಬಳಸಿ ಹೇಳಲು ಹೋದರೆ ಮತ್ತೆ ಹೆದರುತ್ತೇನೆ, ಮೊದಲೇ ಹೇಳಿಬಿಡುತ್ತೇನೆ. ಬರುವ ಸೋಮವಾರ ನೀನು ಆಸ್ಪತ್ರೆಗೆ ಹೋಗಿ, ಬೇರೆ ಹೆಂಗಸಿನ ಅಂಡಾಣು ಪಡೆಯುವ ಕಾಗದಕ್ಕೆ ಸಹಿ ಹಾಕುತ್ತೀ ಎಂದು ನಿನ್ನ ಗಂಡ ಹೇಳಿದ. ಇದನ್ನು ಪೂರ್ತಿ ಓದದೆ ಸಹಿ ಹಾಕಬೇಡ. ನಿನ್ನ ದೇಹಕ್ಕೆ ಆ ಔಷಧಿ ಹಿಡಿಯುವುದಿಲ್ಲ ಎಂದು ಡಾಕ್ಟರಮ್ಮ ಹೇಳಿದರಲ್ಲ, ಅದು ನಿಜವಲ್ಲ. ಅವರು ಸುಳ್ಳು ಹೇಳಲಿಲ್ಲ, ಅವರಿಗೆ ಗೊತ್ತಿರಲಿಲ್ಲ. ನನಗೆ ಗೊತ್ತಿತ್ತು.

ಇಷ್ಟು ಬರೆದು ಎದ್ದು ಹೋಗಿ ನೀರು ಕುಡಿದು ಬಂದೆ. ಅಕ್ಕ ಮಂಚದ ಮೇಲಿನಿಂದಲೇ, "ಅದೇನೇ, ಪತ್ರ ಬರೀತಿದ್ದೀಯೋ ಪರೀಕ್ಷೆ ಬರೀತಿದ್ದೀಯೋ? ಬೆಳಿಗ್ಗೆಯಿಂದ ಮೂರು ಹಾಳೆ ಹರಿದು ಹಾಕಿದೆ" ಎಂದಳು. ಪರೀಕ್ಷೆಯೇ ಎಂದೆ. "ಏಳನೇ ಕ್ಲಾಸಿಗೆ ಬಿಟ್ಟೋಳು ಈಗ ಪಾಸಾಗ್ತೀಯಾ?" ಎಂದು ನಕ್ಕಳು. ಅವಳ ಮೊಣಕಾಲು ಈಗ ಅರ್ಧ ಮಡಚುತ್ತದೆ. ವ್ಯಾಯಾಮ ಮಾಡಿಸುವ ಹುಡುಗಿ ದಿನ ಬಿಟ್ಟು ದಿನ ಬರುತ್ತಾಳೆ. ಅವಳು ಹತ್ತು ಸಲ ಎನ್ನುತ್ತಾಳೆ, ಅಕ್ಕ ಆರಕ್ಕೇ ಹತ್ತಾಯಿತು ಎನ್ನುತ್ತಾಳೆ, ಇಬ್ಬರಿಗೂ ದಿನಾ ಜಗಳ. ನಾನು ಅಡುಗೆ ಮಾಡಿ, ಅವಳಿಗೆ ಬಿಸಿನೀರಿನ ಶಾಖ ಕೊಟ್ಟು, ಮಧ್ಯಾಹ್ನ ಪಕ್ಕದ ದರ್ಜಿ ಕೊಡುವ ಶರ್ಟುಗಳಿಗೆ ಕಾಜಾ ಹೊಲಿದು ಗುಂಡಿ ಹಾಕುತ್ತೇನೆ. ಅಕ್ಕನ ಮೊಣಕಾಲಿಗಾಗಿ ಬಂದೆ ಎಂದು ನೀನು ಎಲ್ಲರ ಹತ್ತಿರ ನನ್ನನ್ನು ಹೊಗಳುತ್ತೀ ಎಂದು ಕೇಳಿದೆ. ಹೊಗಳಬೇಡ. ನಾನು ನಿನ್ನ ಮುಖ ನೋಡಲಾರದೆ ಬಂದವಳು.

ಕಳೆದ ಅಕ್ಟೋಬರಿನಲ್ಲಿ ನೀನು ಆಸ್ಪತ್ರೆಯಿಂದ ಎರಡು ಚೀಲ ಔಷಧಿ ಹೊತ್ತು ತಂದ ದಿನ ನೆನಪಿದೆಯಾ? ಅದು ಟೆಸ್ಟ್ ಟ್ಯೂಬ್ ಮಗುವಿನ ಚಿಕಿತ್ಸೆಯ ಮೂರನೇ ಸಲ; ಹಿಂದಿನ ಎರಡು ಸಲವೂ ಸೂಜಿಯನ್ನು ಆಸ್ಪತ್ರೆಯಲ್ಲೇ ಹಾಕಿದ್ದರು. ಮೊದಲನೇ ಸಲ ಮೂರು ಅಂಡಾಣು ಸಿಕ್ಕಿ ಮೂರೂ ಗಂಡಿನ ಬೀಜದೊಂದಿಗೆ ಕೂಡಲಿಲ್ಲ. ಎರಡನೇ ಸಲ ಕೂಡಿ, ಒಳಗೆ ಇಟ್ಟು, ಹನ್ನೆರಡು ದಿನ ನಿಂತು ಹೋಯಿತು. ನಿನಗೆ ಮೂವತ್ತಮೂರಾದರೂ ನಿನ್ನ ಅಂಡಾಶಯಕ್ಕೆ ನಲವತ್ತು ದಾಟಿದೆ ಎಂದು ಡಾಕ್ಟರಮ್ಮ ಹೇಳಿದ್ದರು. ನಿನ್ನದೇ ಅಂಡಾಣುವಿನಿಂದ ಪ್ರಯತ್ನಿಸುವುದು ಇದೇ ಕೊನೆ, ಆಗದಿದ್ದರೆ ಬೇರೆಯವರದ್ದು ತೆಗೆದುಕೊಳ್ಳೋಣ ಎಂದಿದ್ದರು. ನೀನು ಅಡುಗೆಮನೆಯ ಕಟ್ಟೆಯ ಮೇಲೆ ಸೂಜಿಗಳನ್ನು ಸಾಲಾಗಿ ಜೋಡಿಸಿ, ನೋಡುತ್ತಾ ನೋಡುತ್ತಾ ಬಿಳಿಚಿಕೊಂಡು ಕುಕ್ಕರಿಸಿದೆ. ಕನ್ನಡಕದ ಅಂಗಡಿಯಲ್ಲಿ ಸಾಸಿವೆಯಷ್ಟು ಸ್ಕ್ರೂ ಕೂರಿಸುವ ಕೈ, ಒಂದು ಇಂಜೆಕ್ಷನ್ ಕಂಡರೆ ನಡುಗುತ್ತಿತ್ತು.

"ನಾನು ಚುಚ್ಚುತ್ತೀನಿ ಬಿಡು" ಎಂದೆ. "ಮೂವತ್ತು ವರ್ಷದಿಂದ ಸೂಜಿ ಹಿಡಿದಿದ್ದೀನಿ. ಒಂದು ಶರ್ಟಾದರೂ ಅಮ್ಮಾ ಅಂತ ಅತ್ತಿಲ್ಲ."

"ಶರ್ಟಿಗೆ ಬಾಯಿಲ್ಲ ಅತ್ತೆ."

"ಅದಕ್ಕೇ ಒಳ್ಳೆ ಗಿರಾಕಿ. ನೀನೂ ಬಾಯಿ ಮುಚ್ಚಿಕೊಂಡು ಮಲಕ್ಕೋ."

ನೀನು ನಕ್ಕೆ. ಆಮೇಲೆ ನನ್ನ ಕೈಯನ್ನು ನಿನ್ನ ಹೊಟ್ಟೆಯ ಮೇಲೆ ಇಟ್ಟುಕೊಂಡು, "ಇನ್ನು ಇದು ನಿಮ್ಮ ಜವಾಬ್ದಾರಿ" ಎಂದೆ. ಆ ಮಾತನ್ನು ನೀನು ಮರೆತಿರಬಹುದು.

ನರ್ಸಮ್ಮ ನನಗೆ ಎರಡು ಸೂಜಿಗಳ ಪಾಠ ಮಾಡಿದರು. ಒಂದು ತಡೆಯುವ ಸೂಜಿ, ಈ ಸಲವೇ ಹೊಸದಾಗಿ ಬರೆದದ್ದು; ಇನ್ನೊಂದು ಅಂಡಾಣು ಬೆಳೆಸುವ ಸೂಜಿ. ಮೊದಲ ಎರಡು ವಾರ ತಡೆಯುವುದೊಂದೇ, ಸಿರಿಂಜಿನ ಹತ್ತನೇ ಗೆರೆಯವರೆಗೆ. ಆಮೇಲೆ ಬೆಳೆಸುವುದು ಶುರುವಾದಾಗ, ತಡೆಯುವುದನ್ನು ಐದನೇ ಗೆರೆಗೆ ಇಳಿಸಿ ಎರಡನ್ನೂ ಕೊಡಬೇಕು. ಏನನ್ನು ತಡೆಯುತ್ತದೆ ಎಂದು ನಾನು ಕೇಳಲಿಲ್ಲ. ಅವರು ಹೇಳಿದರೋ ಏನೋ, ನನ್ನ ಗಮನವೆಲ್ಲ ಗೆರೆಗಳ ಮೇಲಿತ್ತು. ಹೊಲಿಗೆಯವಳಿಗೆ ಅಳತೆ ಗೊತ್ತಾದರೆ ಸಾಕು ಎಂಬ ಜಂಬ.

ಮೊದಲ ಎರಡು ವಾರ ಒಂದು ದಿನವೂ ತಪ್ಪಲಿಲ್ಲ. ಸಂಜೆ ಆರೂವರೆಗೆ ದೀಪ ಹಚ್ಚಿ ಪ್ರಾರ್ಥನೆ, ಏಳಕ್ಕೆ ಸೂಜಿ. ಆದರೆ ಎಂಟೋ ಒಂಬತ್ತೋ ದಿನಕ್ಕೆ ನಿನಗೆ ಆ ಬೆವರು ಶುರುವಾಯಿತು. ಕೂತಲ್ಲೇ ಕಿವಿಯವರೆಗೆ ಕೆಂಪಾಗಿ, ಕುತ್ತಿಗೆಯಿಂದ ನೀರಿಳಿದು, ಕಿಟಕಿಯ ಹತ್ತಿರ ಓಡುತ್ತಿದ್ದೆ. ಎರಡು ನಿಮಿಷಕ್ಕೆ ಚಳಿ ಎನ್ನುತ್ತಿದ್ದೆ. ಯಾರೋ ಗಿರಾಕಿ ಕನ್ನಡಕದ ಕಾಲು ಮುರಿದು ತಂದ ಎಂದು ನೀನು ಮನೆಗೆ ಬಂದು ಗಳಗಳನೆ ಅತ್ತುಬಿಟ್ಟೆ. ನಿನ್ನ ಗಂಡ "ಮುರಿದಿದ್ದು ಅವನ ಕನ್ನಡಕ ಕಣೇ, ನಿಂದಲ್ಲ" ಎಂದು ತಮಾಷೆ ಮಾಡಿದ. ನನಗೆ ನಗು ಬರಲಿಲ್ಲ. ಆ ಬೆವರನ್ನು ನಾನು ಮೊದಲೇ ನೋಡಿದ್ದೆ. ಆ ಅಳುವನ್ನೂ.

ನಿನ್ನ ಮಾವನನ್ನು ನೀನು ನೋಡಲಿಲ್ಲ, ನೀನು ಬರುವ ಹಿಂದಿನ ವರ್ಷ ಹೋದರು. ಊರಿನ ನೀರು ಸರಬರಾಜಿನಲ್ಲಿ ವಾಲ್ವ್ ತಿರುಗಿಸುವ ಕೆಲಸ. ಯಾವ ಬೀದಿಗೆ ಎಷ್ಟು ಹೊತ್ತು ನೀರು ಎಂಬುದು ಅವರ ಕೈಯಲ್ಲಿತ್ತು. ಒರಟು ಮನುಷ್ಯ, ದೊಡ್ಡ ಗಂಟಲು. ಅವರಿಗೆ ಕ್ಯಾನ್ಸರ್ ಆಗಿತ್ತು ಎಂದಷ್ಟೇ ನಿನಗೆ ಹೇಳಿದ್ದೇವೆ. ಅದು ಗಂಡಸರಿಗೆ ಮೂತ್ರಕೋಶದ ಕೆಳಗೆ ಬರುವಂಥದ್ದು. ಗಂಡಸಿನ ಹಾರ್ಮೋನೇ ಆ ಗಂಟಿಗೆ ಆಹಾರ, ಅದನ್ನು ತಡೆದರೆ ಗಂಟು ಒಣಗುತ್ತದೆ ಎಂದು ದೊಡ್ಡ ಡಾಕ್ಟರು ದಿನಕ್ಕೊಂದು ಸೂಜಿ ಬರೆದುಕೊಟ್ಟರು. ಅದನ್ನೂ ನಾನೇ ಕೊಡುತ್ತಿದ್ದೆ, ಹೊಟ್ಟೆಯ ಮೇಲೆ, ಒಂದು ವರ್ಷ ಎರಡು ತಿಂಗಳು.

ಆ ಔಷಧಿ ಅವರನ್ನು ಏನು ಮಾಡಿತು ಎಂದು ನನ್ನ ಮಗನಿಗೂ ನಾನು ಪೂರ್ತಿ ಹೇಳಿಲ್ಲ. ಕೂತಲ್ಲಿ ಬೆವರುತ್ತಿದ್ದರು. ರೇಡಿಯೋದಲ್ಲಿ ಹವಾಮಾನ ವರದಿ ಕೇಳಿ ಅತ್ತರು ಎಂದರೆ ನಂಬುತ್ತೀಯಾ? ಎದೆ ಹೆಂಗಸಿನ ಹಾಗೆ ಊದಿತು. ಅಂಗಿ ತೆಗೆಯದೆ ಸ್ನಾನ ಮಾಡುತ್ತಿದ್ದರು. ಒಂದು ದಿನ ನಾನು ಸಿರಿಂಜು ಹಿಡಿದು ಹೋದರೆ, "ಮೇಲಿನ ವಾಲ್ವ್ ಮುಚ್ಚಿಬಿಟ್ಟಿದ್ದಾರೆ ಕಣೇ, ಕೆಳಗಿನ ಬೀದಿಯೆಲ್ಲ ಒಣಗ್ತಾ ಇದೆ. ಇವತ್ತೊಂದು ದಿನ ಬಿಡೇ" ಎಂದರು. ನಾನು ಬಿಡಲಿಲ್ಲ. ನೀವು ಉಳಿಯಬೇಕು ಎಂದು ಚುಚ್ಚಿದೆ. ಮತ್ತೊಂದು ದಿನ ಕೈ ಮುಗಿದು ಕೇಳಿದರು. ನೂರು ಮನೆಗೆ ಕೇಳುವ ಹಾಗೆ ಕೂಗುತ್ತಿದ್ದ ಮನುಷ್ಯ, ಪಿಸುದನಿಯಲ್ಲಿ. ಆಗಲೂ ಚುಚ್ಚಿದೆ. ಒಂದು ದಿನವೂ ತಪ್ಪಿಸದೆ ಚುಚ್ಚಿ ಚುಚ್ಚಿ ಕಳಿಸಿಕೊಟ್ಟೆ.

ನಿನಗೆ ಬೆವರು ಬಂದಮೇಲೆ, ಒಂದು ಮಧ್ಯಾಹ್ನ ನೀನು ಅಂಗಡಿಗೆ ಹೋಗಿದ್ದಾಗ, ಫ್ರಿಜ್ಜಿನಿಂದ ತಡೆಯುವ ಸೂಜಿಯ ಪೆಟ್ಟಿಗೆ ತೆಗೆದೆ. ನಾನು ಗುಂಡಿ ಹಾಕಿಡುವ ರಟ್ಟಿನ ಪೆಟ್ಟಿಗೆ ಗೊತ್ತಲ್ಲ, ಮೂಲೆಗಳೆಲ್ಲ ಸವೆದದ್ದು? ಅದು ನಿನ್ನ ಮಾವನ ಔಷಧಿಯ ಪೆಟ್ಟಿಗೆ. ಗಟ್ಟಿ ರಟ್ಟು ಎಂದು ಇಟ್ಟುಕೊಂಡಿದ್ದೆ. ಎರಡನ್ನೂ ಪಕ್ಕಪಕ್ಕ ಇಟ್ಟೆ. ಇಂಗ್ಲಿಷು ನನಗೆ ಓದಲು ಬಾರದು, ಅಕ್ಷರ ಗುರುತು ಹಿಡಿಯಬಲ್ಲೆ. ಬೆರಳಿಟ್ಟು ಒಂದೊಂದೇ ಅಕ್ಷರ ನೋಡಿದೆ. ಕೊನೆಯ ಅಕ್ಷರದವರೆಗೂ ಅದೇ ಹೆಸರು.

ಮಗು ಹುಟ್ಟಲಿ ಎಂದು ಕೊಡುತ್ತಿರುವುದು ಗಂಡಸನ್ನು ಒಣಗಿಸಿದ ಔಷಧಿ!

ಯಾರನ್ನೂ ಕೇಳಲಿಲ್ಲ ಎಂದಲ್ಲ. ಅದೇ ನನ್ನ ದುರದೃಷ್ಟ. ತಿರುವಿನ ಔಷಧಿ ಅಂಗಡಿಗೆ ಹೋಗಿ ಹಳೇ ಪೆಟ್ಟಿಗೆ ತೋರಿಸಿ, "ಇದು ಗಂಡಸರ ಕ್ಯಾನ್ಸರಿಗೆ ಕೊಡೋದಾ?" ಎಂದೆ.

ಅಂಗಡಿಯವನು ತಿರುಗಿಸಿ ನೋಡಿ, "ಹೌದಮ್ಮ, ಅದಕ್ಕೇ. ಯಾಕೆ, ಯಜಮಾನರಿಗಾ?" ಎಂದ.

"ಇಲ್ಲ, ಹೋದರು."

"ಅಯ್ಯೋ ಪಾಪ. ಸೀಲು ಒಡೆಯದೇ ಉಳಿದಿದ್ರೆ ಆಗಲೇ ವಾಪಸ್ ಕೊಡಬಹುದಿತ್ತು, ಈಗ ಆಗಲ್ಲ."

ಹೆಂಗಸರಿಗೂ ಕೊಡುತ್ತಾರಾ ಎಂದು ಇನ್ನೊಂದು ಪ್ರಶ್ನೆ ಕೇಳಿದ್ದರೆ ಅವನು ಹೇಳುತ್ತಿದ್ದ. ಹಿಂದೆ ನಾಲ್ಕು ಜನ ನಿಂತಿದ್ದರು. ನಾನು ಕೇಳಲಿಲ್ಲ. ಬೇಕಾದ ಉತ್ತರ ಸಿಕ್ಕಿತ್ತು.

ನಿನಗೆ ಹೇಳಬಹುದಿತ್ತು. ಆದರೆ ನೀನು ಕೊನೆಯ ಸಲ ಎಂದು ಹಲ್ಲು ಕಚ್ಚಿ ಕೂತಿದ್ದೆ, ಅಂಥವಳಿಗೆ ಈ ಹೆದರಿಕೆ ಹಾಕುವುದು ಹೇಗೆ? ಡಾಕ್ಟರಮ್ಮನನ್ನು ಕೇಳಬಹುದಿತ್ತು. ಅವರ ಮುಂದೆ ಕೂತರೆ ನನಗೆ ಮಾತು ತೊದಲುತ್ತದೆ, ಅವರು ನಿನ್ನ ಕಡೆ ತಿರುಗಿ ಇಂಗ್ಲಿಷಿನಲ್ಲಿ ಮಾತಾಡಿಬಿಡುತ್ತಾರೆ. ಹೀಗೆ ಹಿಂದೆ ಮುಂದೆ ನೋಡುತ್ತಿದ್ದಾಗಲೇ ಹದಿನೈದನೇ ದಿನ ಬಂತು. ತಡೆಯುವುದನ್ನು ಹತ್ತರಿಂದ ಐದಕ್ಕೆ ಇಳಿಸುವ ದಿನ. ಅವರೇ ಅರ್ಧ ಮಾಡಿದ್ದಾರೆ ಎಂದರೆ ಅವರಿಗೂ ಇದು ಕೆಟ್ಟದ್ದು ಎಂದು ಗೊತ್ತಿದೆ ಅಂದುಕೊಂಡೆ. ದೇವರ ಮುಂದೆ ಕೂತು, "ನನ್ನ ಕೈಯಿಂದ ಇನ್ನೊಂದು ಜೀವ ಒಣಗಿಸಬೇಡಪ್ಪಾ" ಎಂದು ಬೇಡಿಕೊಂಡೆ. ಎದ್ದಾಗ ತೀರ್ಮಾನವಾಗಿತ್ತು. ದೇವರದ್ದೇ ತೀರ್ಮಾನ ಎಂದು ಆಗ ನಂಬಿದೆ.

ಬೆಳೆಸುವ ಸೂಜಿಯ ಪುಡಿ ಕಲಸಲು ಒಂದೊಂದು ಪುಡಿಗೂ ಒಂದೊಂದು ಪುಟ್ಟ ಸೀಸೆ ಉಪ್ಪುನೀರು ಬರುತ್ತಿತ್ತು. ಎರಡು ಪುಡಿಯನ್ನು ಒಂದೇ ನೀರಿನಲ್ಲಿ ಕಲಸು ಎಂದು ನರ್ಸಮ್ಮ ಹೇಳಿಕೊಟ್ಟಿದ್ದರಿಂದ ದಿನಕ್ಕೊಂದು ಸೀಸೆ ನೀರು ಉಳಿಯುತ್ತಿತ್ತು. ಆ ನೀರನ್ನು ಐದನೇ ಗೆರೆಯವರೆಗೆ ಎಳೆದು ನಿನಗೆ ಚುಚ್ಚಿದೆ. ತಡೆಯುವ ಔಷಧಿಯನ್ನೂ ದಿನಾ ಐದು ಗೆರೆ ಎಳೆದು ಬಚ್ಚಲಿಗೆ ಬಿಟ್ಟೆ, ಸೀಸೆಯ ಮಟ್ಟ ಇಳಿಯಬೇಕಲ್ಲ. ನಿನ್ನ ಕಣ್ಣು ಅಂಥದ್ದು. ಭೂತಗನ್ನಡಿ ಎಂದು ನಿನಗೆ ಹೆಸರಿಟ್ಟವಳೇ ನಾನು. ಬೆಳೆಸುವ ಸೂಜಿಯನ್ನು ಮಾತ್ರ ಹನಿ ಹೆಚ್ಚುಕಡಿಮೆ ಇಲ್ಲದೆ ಕೊಟ್ಟೆ. ಹೀಗೆ ಹತ್ತು ದಿನ.

ಐದಾರು ದಿನಕ್ಕೆ ನಿನ್ನ ಬೆವರು ಇಳಿಯಿತು. ನಿದ್ದೆ ಬಂತು. ಒಂದು ಸಂಜೆ ನೀನು, "ಅತ್ತೆ, ಇವತ್ತು ಚುಚ್ಚಿದ್ದೇ ಗೊತ್ತಾಗಲಿಲ್ಲ. ನಿಮ್ಮ ಕೈಯಲ್ಲಿ ಏನೋ ಇದೆ" ಎಂದೆ. ನಾನು ಒಳಗೆ ಹೋಗಿ ದೇವರಿಗೆ ಕೈ ಮುಗಿದೆ. ನಿನ್ನ ಮುಖ ಅರಳಿದ್ದೇ ಅವನ ಒಪ್ಪಿಗೆ ಎಂದುಕೊಂಡೆ. ಸ್ಕ್ಯಾನಿನಲ್ಲಿ ಅಂಡಾಣು ಬೆಳೆಯುವ ಚೀಲಗಳು ಒಂಬತ್ತು ಕಂಡವು ಎಂದು ನೀನು ಓಡಿ ಬಂದು, ನನ್ನ ಕಾಜಾ ಗುರುತು ಮಾಡುವ ಸೀಮೆಸುಣ್ಣದಲ್ಲಿ ಹಳೇ ಬಟ್ಟೆಯ ತುಂಡಿನ ಮೇಲೆ ಒಂಬತ್ತು ಸೊನ್ನೆ ಬರೆದು, ಪಕ್ಕದಲ್ಲಿ ಒಂದೊಂದರ ಅಗಲ ಬರೆದು ತೋರಿಸಿದೆ. ಹಿಂದಿನ ಎರಡು ಸಲ ಸೇರಿಸಿದರೂ ಅಷ್ಟಿರಲಿಲ್ಲ. ಒಳಗೊಳಗೇ ನಾನು, ನೋಡಿದಿರಾ ಡಾಕ್ಟರಮ್ಮ, ನಿಮ್ಮ ವಿಷ ಇಲ್ಲದೆಯೇ ಹೇಗೆ ಬೆಳೆದವು ಎಂದು ಹಿಗ್ಗಿದೆ.

ಅಂಡಾಣು ತೆಗೆಯುವ ದಿನ ಬೆಳಿಗ್ಗೆ ನಿನ್ನನ್ನು ಒಳಗೆ ಕರೆದುಕೊಂಡು ಹೋದರು. ಇಪ್ಪತ್ತು ನಿಮಿಷ ಎಂದಿದ್ದವರು ಒಂದು ಗಂಟೆಯಾದರೂ ಬರಲಿಲ್ಲ. ನರ್ಸಮ್ಮ ಹೊರಗೆ ಬಂದು, ಮುಖದ ಬಟ್ಟೆ ಕೆಳಗೆಳೆದು, "ಒಂದೇ ಸಿಕ್ಕಿದೆ, ಅದೂ ಬಲಿತಿಲ್ಲ. ಉಳಿದವೆಲ್ಲ ಮೊದಲೇ ಒಡೆದುಹೋಗಿವೆ" ಎಂದರು. ಯಾಕೆ ಎಂದೆ. ಆಗ, ಮೂರು ವಾರ ತಡವಾಗಿ, ನಾನು ಕೇಳಬೇಕಾದ ಪ್ರಶ್ನೆ ಕೇಳಿದೆ.

"ಆ ತಡೆಯೋ ಇಂಜೆಕ್ಷನ್ ಇತ್ತಲ್ಲಮ್ಮ, ಅದು ತಲೆಯೊಳಗಿನ ಒಂದು ಗ್ರಂಥಿನ ಸುಮ್ಮನಿರಿಸುತ್ತೆ. ಅದು ಸುಮ್ಮನಿದ್ರೆ ಅಂಡಾಣು ನಾವು ಹೇಳೋವರೆಗೂ ಕಾಯುತ್ತೆ. ಇವರದ್ದು ಕಾಯಲಿಲ್ಲ. ಔಷಧಿ ಕೆಲಸ ಮಾಡಿದ ಹಾಗಿಲ್ಲ."

"ಅದು ಗಂಡಸರ ಕ್ಯಾನ್ಸರಿಗೆ ಕೊಡೋದಲ್ವಾ?"

"ಅದೇ ಔಷಧಿ. ಅಲ್ಲಿ ಮುಚ್ಚಿದ್ದನ್ನ ಮುಚ್ಚೇ ಇಡ್ತಾರೆ. ಇಲ್ಲಿ ಮೂರು ವಾರ ಮುಚ್ಚಿ, ಕೆಲಸ ಆದ ಮೇಲೆ ಬಿಟ್ಟುಬಿಡ್ತೀವಿ. ಏನೂ ಆಗಲ್ಲ ಅದರಿಂದ."

ಎಷ್ಟು ಸುಲಭದ ಮಾತು ನೋಡು. ನಿನ್ನ ಮಾವ ಇದ್ದಿದ್ದರೆ ಅರ್ಧ ವಾಕ್ಯಕ್ಕೇ ಅರ್ಥಮಾಡಿಕೊಂಡು ತಲೆಯಾಡಿಸುತ್ತಿದ್ದರು. ವಾಲ್ವ್ ಮುಚ್ಚುವುದು ನೀರು ತುಂಬಲಿ ಎಂದೂ ಇರಬಹುದು ಎಂಬುದು ಅವರಿಗೆ ಗೊತ್ತಿತ್ತು.

ನಿನ್ನನ್ನು ವಾರ್ಡಿಗೆ ತಂದಮೇಲೆ ಡಾಕ್ಟರಮ್ಮ ಬಂದರು. "ಇಂಜೆಕ್ಷನ್ ಯಾವತ್ತಾದ್ರೂ ತಪ್ಪಿತಾ? ಒಂದು ದಿನ? ಹೊತ್ತು ಏರುಪೇರು?" ಎಂದು ಕೇಳಿದರು. ನಿನಗೆ ಕಣ್ಣು ಪೂರ್ತಿ ತೆರೆಯಲು ಆಗುತ್ತಿರಲಿಲ್ಲ. ಆದರೂ, "ಇಲ್ಲ ಡಾಕ್ಟರ್, ನಮ್ಮತ್ತೆ ಗಡಿಯಾರ ಇದ್ದ ಹಾಗೆ" ಎಂದೆ. ನಾನು ಮಂಚದ ಕಾಲ ಹತ್ತಿರ ನಿನ್ನ ಚಪ್ಪಲಿ ಹಿಡಿದು ನಿಂತಿದ್ದೆ. ಡಾಕ್ಟರಮ್ಮ ನನ್ನ ಕಡೆಯೂ ನೋಡಿದರು. ನಾನು ಚಪ್ಪಲಿಯನ್ನು ಕೆಳಗಿಟ್ಟು ಜೋಡಿಸಿದೆ.

ಆಮೇಲಿನದ್ದು ನಿನಗೇ ಗೊತ್ತು. ನಿನ್ನ ಶರೀರ ಆ ಔಷಧಿಗೆ ಬಗ್ಗುವುದಿಲ್ಲ, ಇಂಥದ್ದು ತೀರಾ ಅಪರೂಪ ಎಂದರು. ಅವರ ಸಂಶೋಧನೆಯಲ್ಲಿ ಇಂಥ ಹೆಂಗಸರನ್ನೇ ಹುಡುಕುತ್ತಿದ್ದಾರಂತೆ, ನೀನು ಒಪ್ಪಿಗೆ ಕೊಟ್ಟೆ. ಸೂಜಿ ಕಂಡರೆ ತಲೆ ತಿರುಗುವ ನೀನು, ಇನ್ನೊಬ್ಬ ಹೆಂಗಸಿಗಾದರೂ ಉಪಯೋಗಕ್ಕೆ ಬರಲಿ ಎಂದು ಸಂಶೋಧನೆಯ ಹುಡುಗಿಗೆ ಆರು ನಳಿಗೆ ರಕ್ತ ಕೊಟ್ಟೆ. ಹೋದ ತಿಂಗಳು ಫೋನಿನಲ್ಲಿ, "ಅತ್ತೆ, ನಾನೀಗ ಅಪರೂಪದ ಪ್ರಾಣಿ. ಪುಸ್ತಕದಲ್ಲಿ ಬರ್ತೀನಂತೆ, ಹೆಸರಿರಲ್ಲ, ನಂಬರ್ ಇರುತ್ತೆ" ಎಂದು ನಕ್ಕೆ. ನಕ್ಕ ದನಿ ಕೊನೆಯಲ್ಲಿ ಒಡೆಯಿತು. ಆ ದಿನವೂ ನಾನು ಊಟ ಆಯ್ತಾ ಎಂದೇ ಕೇಳಿದ್ದು.

ಇನ್ನೊಬ್ಬರ ಅಂಡಾಣು ಎಂದು ನಾನು ಮುಖ ಸಿಂಡರಿಸುತ್ತಿದ್ದೇನೆ ಎಂದು ತಿಳಿಯಬೇಡ. ಯಾರ ಅಂಡಾಣುವಿನಿಂದ ಬಂದರೂ ನಿನ್ನ ಹೊಟ್ಟೆಯಲ್ಲಿ ಬೆಳೆದದ್ದು ನಿನ್ನದೇ. ಅದನ್ನು ನೀನು ಬೇಕೆಂದು ಆರಿಸಿಕೊಂಡರೆ ನಾನು ಎರಡು ಮಾತಾಡುವುದಿಲ್ಲ. ಆದರೆ ನಿನ್ನದು ಕೆಲಸಕ್ಕೆ ಬಾರದು ಎಂದು ತಿಳಿದು ನೀನು ಸಹಿ ಹಾಕಬಾರದು. ಒಂಬತ್ತು ಬೆಳೆದಿದ್ದವು. ನಿನ್ನ ದೇಹ ಹೇಳಿದ್ದನ್ನೆಲ್ಲ ಕೇಳಿತ್ತು. ಮಾತು ಕೇಳದವಳು ನಾನು.

ನಾಲ್ಕು ತಿಂಗಳಿಂದ ಪ್ರಾರ್ಥನೆಗೆ ಕೂತರೆ ಬಾಯಿಗೆ ಮಾತು ಬರುವುದಿಲ್ಲ. ದೀಪ ಹಚ್ಚಿ ಸುಮ್ಮನೆ ಕೂತು ಏಳುತ್ತೇನೆ. ನನ್ನ ಹೆದರಿಕೆಗೆ ಅವನ ಹೆಸರಿಟ್ಟೆನಲ್ಲ, ಅದರಿಂದ ಅವನಿಗೂ ನೋವಾಗಿರಬೇಕು. ಅವನು ಹಾಗೆ ಹೇಳಿರಲಿಲ್ಲ. ಅವನು ಏನೂ ಹೇಳಿರಲಿಲ್ಲ.

ಈ ಕಾಗದವನ್ನು ಡಾಕ್ಟರಮ್ಮನಿಗೆ ತೋರಿಸು. ಸಂಶೋಧನೆಯ ಹುಡುಗಿಗೂ ತೋರಿಸು, ನಿನ್ನ ನಂಬರನ್ನು ಹೊಡೆದು ಹಾಕಲಿ. ಇಲ್ಲದಿದ್ದರೆ ಎಲ್ಲೋ ಯಾವಳೋ ಹೆಂಗಸಿಗೆ ನನ್ನ ಸುಳ್ಳಿನ ಆಧಾರದ ಮೇಲೆ ಔಷಧಿ ಬರೆದಾರು. ಕಾಗದ ಸಾಲದಿದ್ದರೆ ಎಂದು ನಾನೂ ಬರುತ್ತಿದ್ದೇನೆ. ಸೋಮವಾರ ಬೆಳಿಗ್ಗೆ ಒಂಬತ್ತಕ್ಕೆ ಆಸ್ಪತ್ರೆಯ ಮೆಟ್ಟಿಲ ಹತ್ತಿರ ಇರುತ್ತೇನೆ. ನೀನು ಮಾತಾಡಿಸಬೇಕಾಗಿಲ್ಲ. ಒಳಗೆ ಬಂದು, ನಿಂತುಕೊಂಡೇ ಹೇಳಿ, ಬಸ್ಸು ಹತ್ತುತ್ತೇನೆ. ಇನ್ನೊಂದು ಸಲ ಪ್ರಯತ್ನಿಸಿದರೆ ಸೂಜಿ ಹಾಕಲು ಬೇರೆಯವರನ್ನು ಹುಡುಕಿಕೋ. ನಿನ್ನ ಅಂಗಡಿಯ ಎದುರಿನ ದಂತವೈದ್ಯರ ಸಹಾಯಕಿಯ ಕೈ ಹಗುರ ಎಂದು ನೀನೇ ಹೇಳಿದ್ದೆ.

ನಿನ್ನ ಮಡಿಲು ತುಂಬಲಿ, ಹೇಗೆ ತುಂಬಿದರೂ ನಗುತ್ತಾ ತುಂಬಲಿ. ನಿನ್ನ ಕಣ್ಣು ಚೆನ್ನಾಗಿರಲಿ. ಬಿಸಿಲಿಗೆ ಹೋಗುವಾಗ ತಲೆಗೆ ಬಟ್ಟೆ ಹಾಕಿಕೋ. ಅಕ್ಕನೂ ಆಶೀರ್ವಾದ ತಿಳಿಸಿದ್ದಾಳೆ. ಅವಳಿಗೆ ಇದ್ಯಾವುದೂ ಗೊತ್ತಿಲ್ಲ.

ಇಂತು, ನಿನ್ನ ನಂಬಿಕೆಗೆ ತಕ್ಕವಳಾಗದ
ಅತ್ತೆ

ವಿ. ಸೂ.: ಲಕೋಟೆ ಅಂಟಿಸಿದ್ದೆ, ಮತ್ತೆ ಬಿಚ್ಚಿದೆ. ಇಷ್ಟೆಲ್ಲ ಬರೆದರೂ ಒಂದನ್ನು ಬಿಟ್ಟಿದ್ದೆ. ಇದು ನಿನ್ನ ಗಂಡನಿಗೆ ಗೊತ್ತು. ನರ್ಸಮ್ಮ ಹೇಳಿ ಹೋದ ಕೂಡಲೇ, ಕಾರಿಡಾರಿನಲ್ಲಿ ಕುಡಿಯುವ ನೀರಿನ ನಲ್ಲಿಯ ಪಕ್ಕ ಅವನಿಗೆ ಎಲ್ಲವನ್ನೂ ಹೇಳಿದೆ. ಅವನು ಗೋಡೆಗೆ ಹಣೆ ಒತ್ತಿ ನಿಂತ. ಆಮೇಲೆ, "ಅಮ್ಮಾ, ಇದನ್ನ ಅವಳಿಗೆ ಹೇಳಬೇಡ. ಹೇಗಿದ್ರೂ ತನ್ನ ದೇಹದ್ದೇ ತಪ್ಪು ಅಂದ್ಕೋತಾಳೆ, ಅಂದ್ಕೊಳ್ಳಲಿ. ನಿಜ ಗೊತ್ತಾದ್ರೆ ನಿನ್ನ ಮುಖ ನೋಡಲ್ಲ ಅವಳು" ಎಂದ. ಅಕ್ಕನ ಮನೆಗೆ ಹೋಗಿರು ಎಂದವನೂ ಅವನೇ. ಅದಕ್ಕೇ ಈ ಕಾಗದವನ್ನು ಮನೆಗೆ ಹಾಕದೆ ನಿನ್ನ ಅಂಗಡಿಯ ವಿಳಾಸಕ್ಕೆ ಹಾಕುತ್ತಿದ್ದೇನೆ. ಅವನನ್ನು ನೀನು ಏನು ಮಾಡುತ್ತೀಯೋ ನಿನಗೆ ಬಿಟ್ಟದ್ದು, ಹೆತ್ತವಳು ಎಂದು ನಾನು ಅಡ್ಡ ಬರುವುದಿಲ್ಲ. ನಾನು ಹೇಳಬೇಕಾದದ್ದು ನನ್ನ ಬಗ್ಗೆ. ಅವನು ಹಾಗೆಂದಾಗ ನನಗೆ ಸಂಕಟವಾಗಲಿಲ್ಲ ಮಗಳೇ. ಹೆಂಡತಿಯನ್ನು ಬಿಟ್ಟು ನನ್ನನ್ನು ಉಳಿಸಿಕೊಂಡ ಎಂದು ಸಂತೋಷವಾಯಿತು. ಬಾಗಿಲ ಆಚೆ ನೀನು ಮಂಪರಿನಲ್ಲಿ "ಎಷ್ಟು ಸಿಕ್ಕವು? ಎಷ್ಟು ಸಿಕ್ಕವು?" ಎಂದು ಕೇಳುತ್ತಿದ್ದದ್ದು ನನಗೆ ಕೇಳಿಸುತ್ತಿತ್ತು. ಆಗಲೂ ಸಂತೋಷವಾಗಿತ್ತು.